ಎಂಟು ದಿನ ತಡಿ

ಎಂಟನೆಯ ದಿನ ಬುಧವಾರವೇ ಹೌದೋ ಎಂದು ವಸಂತಿ ಬಸ್ಸಿನಲ್ಲಿ ಮೂರು ಸಲ ಬೆರಳು ಮಡಿಸಿ ಎಣಿಸಿದಳು. ಮೂರು ಸಲವೂ ಬುಧವಾರವೇ ಬಂತು. ಎಣಿಕೆ ತಪ್ಪಿ ಇನ್ನೂ ಒಂದು ದಿನ ಉಳಿದಿದ್ದರೆ ಮುಂದಿನ ನಿಲ್ದಾಣದಲ್ಲಿ ಇಳಿದು ಕುಮಟೆಗೆ ಹಿಂತಿರುಗಬಹುದಾಗಿತ್ತು. ಹೊರಗೆ ಆರ್ದ್ರೆಯ ಮಳೆ. ಕಿಟಕಿಗೆ ಇಳಿಬಿಟ್ಟ ತಾಡಪತ್ರಿಯ ಸಂದಿನಿಂದ ನೀರು ತೊಟ್ಟಿಕ್ಕಿ ಅವಳ ಎಡಭುಜ ನೆನೆಯುತ್ತಿತ್ತು. ಹೊನ್ನಾವರಕ್ಕೆ ಹೊರಟಿದ್ದ ಮೀನು ಮಾರುವ ಹೆಂಗಸೊಬ್ಬಳು ತನ್ನ ಖಾಲಿ ಬುಟ್ಟಿಯನ್ನು ಮಡಿಲಿಗೆ ಎತ್ತಿಕೊಂಡು, 'ಹೀಂಗೆ ಸರೀರಿ ಅಮ್ಮ, ನೆನೀತ್ರಿ' ಎಂದು ಜಾಗ ಬಿಟ್ಟಳು. ವಸಂತಿ ಸರಿಯಲಿಲ್ಲ. ಪರವಾಗಿಲ್ಲ ಎಂದು ತಲೆಯಾಡಿಸಿದಳು. ಈ ಹೆಂಗಸಿಗೆ ತಾನು ಯಾರು, ಎಲ್ಲಿಗೆ, ಯಾತಕ್ಕೆ ಹೊರಟವಳು ಎಂದು ಗೊತ್ತಿದ್ದರೆ ಬುಟ್ಟಿ ಎತ್ತುತ್ತಿದ್ದಳೇ ಎಂಬ ಯೋಚನೆ ಬಂದು, ಅದು ಎಷ್ಟು ಮೂರ್ಖತನದ್ದು ಎಂದೂ ಅದರ ಹಿಂದೆಯೇ ಹೊಳೆಯಿತು. ಹೆಂಗಸು ಸ್ವಲ್ಪ ಹೊತ್ತು ಕಾದು, ಬುಟ್ಟಿಯನ್ನು ಕೆಳಗಿಡದೆ ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದಳು, ಮನಸ್ಸು ಬದಲಿಸಿದರೆ ಸರಿಯಲಿ ಎಂಬಂತೆ.

ಚೀಲದಲ್ಲಿ ಎರಡು ಖಾಲಿ ಬಾಟಲಿಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಒಂದಕ್ಕೆ ಕೋಶಗಳು, ಇನ್ನೊಂದಕ್ಕೆ ರೆಕ್ಕೆ ಬಂದ ನೊಣಗಳು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಮೂರನೆಯದೊಂದು ಬಾಟಲಿ ಇತ್ತು. ಅದರಲ್ಲಿ ಹತ್ತು ಭತ್ತದ ಸಸಿ, ಆರು ಮರಿಹುಳ. ಹುಳಗಳನ್ನು ತಂದುಕೊಟ್ಟವಳು ಸುಕ್ರಿ, ವಾರಕ್ಕೆರಡು ಸಲ ತಲೆಯ ಮೇಲೆ ಬಸಳೆ, ಹರಿವೆ ಹೊತ್ತು ಕುಮಟೆಗೆ ಬರುವ ಹಾಲಕ್ಕಿ ಒಕ್ಕಲ ಹೆಂಗಸು. ಭತ್ತದ ಅಗೆ ಹಾಕಿದ ಸಸಿಮಡಿಯಲ್ಲಿ ಸಿಕ್ಕಿತು, ಇದು ಎಂತ ಹುಳ, ನೀವು ಹುಳದ ಇಸ್ಕೂಲಿನವರಲ್ದ ಎಂದು ಬಾಳೆಲೆಯ ಪೊಟ್ಟಣ ಬಿಚ್ಚಿದ್ದಳು. ಮಣ್ಣಿನ ಬಣ್ಣದ, ಕಾಲಿಲ್ಲದ, ಒದ್ದೆ ತೊಗಲಿನ ಚೂರಿನಂಥ ಹುಳ. ಒಂದು ತುದಿಯಲ್ಲಿ ಆರು ಎಸಳಿನ ನಕ್ಷತ್ರ, ಅದರ ನಡುವೆ ಎರಡು ಕಪ್ಪು ಚುಕ್ಕಿ, ಥೇಟು ಕಣ್ಣು ಬಿಟ್ಟು ನೋಡುವ ಮುಖ. ಅದು ಮುಖವಲ್ಲ. ಉಸಿರಾಡುವುದಕ್ಕೆ ಹಿಂಭಾಗದಲ್ಲಿ ಇರುವ ರಂಧ್ರಗಳು. ತಲೆ ಇನ್ನೊಂದು ತುದಿಯಲ್ಲಿ, ಮೈಯೊಳಗೆ ಎಳೆದುಕೊಂಡು ಕೂತಿರುತ್ತದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಹುಡುಗರ ಎದುರು ವಸಂತಿ ಈ ನಕ್ಷತ್ರಕ್ಕೇ ಸೂಜಿ ತೋರಿಸಿ ತಲೆ ಎಂದಿದ್ದಳು. ಹಿಂದಿನ ಬೆಂಚಿನ ಒಬ್ಬ, 'ಹಾಗಾದರೆ ಬಾಯಿ ಎಲ್ಲಿ ಮೇಡಂ?' ಎಂದ. ಅವಳು ಹುಡುಕಿದಳು. ಇಡೀ ತರಗತಿ ಅವಳು ಹುಡುಕುವುದನ್ನು ನೋಡುತ್ತಿತ್ತು. ಆ ದಿನದಿಂದ ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿರುವವಳ ಮುಖವೊಂದು ತಾನಾಗಿ ಬಂದು ಅವಳಿಗೆ ಅಂಟಿಕೊಳ್ಳುತ್ತಿತ್ತು.

ಜೂನ್ ಹದಿನೆಂಟು, ೧೯೬೨, ಬೆಳಿಗ್ಗೆ ಏಳೂವರೆ: ಹತ್ತರಲ್ಲಿ ಏಳು ಸಸಿಗಳ ಬೇರು ಪೂರ್ಣ ತಿಂದಿವೆ. ಅವಳದೇ ದುಂಡು ಅಕ್ಷರ, ಅವಳದೇ ನೋಟ್‌ಬುಕ್ಕು. ಮರುದಿನ ಸುಕ್ರಿ ಬಾಗಿಲಲ್ಲಿ ನಿಂತು, 'ಅಮ್ಮ, ಎಂತ ಮಾಡೂದು? ನಮ್ಮಲ್ಲಿ ನೀರು ನಿಲ್ಸಿ ಕಾಸರಕನ ಸೊಪ್ಪು ತುಳೀತ್ರು, ಕೈಗೆ ಮುಟ್ಟಿದ್ರೆ ಬಾಯಿ ಕಹಿ ಆಗ್ತದೆ, ಹುಳ ಒಂದೂ ಇರೂದಿಲ್ಲ. ತುಳೀಲಾ?' ಎಂದು ಕೇಳಿದಳು. ಬಾಟಲಿಯಲ್ಲಿ ಆ ಹೊತ್ತಿಗೆ ನಾಲ್ಕು ಹುಳಗಳು ಬೂಷ್ಟು ಹಿಡಿದು ಸತ್ತಿದ್ದವು. ಉಳಿದ ಎರಡು ಕೋಶವಾಗುವ ಸೂಚನೆ ಇರಲಿಲ್ಲ. ಈ ಕರಾವಳಿಯಲ್ಲಿ ಈ ನೊಣದ ಜೀವನಚಕ್ರವನ್ನು ಮೊಟ್ಟೆಯಿಂದ ರೆಕ್ಕೆಯ ತನಕ ಬರೆದವರಿಲ್ಲ, ನೀನು ಪೂರ್ತಿ ಮಾಡಿದರೆ ಮುಂಬಯಿಗೆ ಕಳಿಸುತ್ತೇನೆ ಎಂದು ಪ್ರಾಧ್ಯಾಪಕರು ಹೇಳಿದ್ದರು. ಸೆಪ್ಟೆಂಬರಿಗೆ ಅವಳ ತಾತ್ಕಾಲಿಕ ಕೆಲಸ ಮುಗಿಯುತ್ತಿತ್ತು. ಲೇಖನವೊಂದು ಇದ್ದರೆ ಮುಗಿಯದಿರಬಹುದಿತ್ತು. ಅಷ್ಟೆಲ್ಲ ಯೋಚಿಸಿ ಹೇಳಿದಳೇ? ಇಲ್ಲ. ಯೋಚಿಸಿದ್ದರೆ ಹೇಳುತ್ತಿರಲಿಲ್ಲ ಎಂದು ಎಂಟು ದಿನಗಳಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. 'ಅವು ಬೇರು ತಿನ್ನುವುದಿಲ್ಲ ಸುಕ್ರಿ. ಕೊಳೆತ ಎಲೆ ತಿನ್ನುತ್ತವೆ. ಸೊಪ್ಪು ಹಾಕಬೇಡ, ಎಂಟು ದಿನ ತಡಿ. ನೊಣವಾಗಿ ತಾವೇ ಹಾರಿ ಹೋಗುತ್ತವೆ.' ಮಾತು ಎಷ್ಟು ಸರಾಗವಾಗಿ ಬಂದಿತ್ತೆಂದರೆ, ಹೇಳಿ ಮುಗಿಯುವಷ್ಟರಲ್ಲಿ ಅವಳಿಗೇ ಅದು ನಿಜವೆನಿಸಿತ್ತು. ಸುಕ್ರಿ ಬಾಗಿಲ ಬಳಿ ಒಂದು ಕಟ್ಟು ಹರಿವೆ ಇಟ್ಟು, 'ಕಲ್ತವ್ರು ಹತ್ರ ಇದ್ರೆ ಒಳ್ಳೇದು' ಎಂದು ಹೋದಳು.

ಬಸ್ಸಿಳಿದು ಹಳ್ಳವನ್ನು ಮೊಳಕಾಲ ನೀರಿನಲ್ಲಿ ದಾಟಿ ಸುಕ್ರಿಯ ಕೇರಿಯಾದ ಕೊಪ್ಪದ ಹಾದಿ ಹಿಡಿದಾಗ ಮಳೆ ನಿಂತಿತ್ತು. ಗದ್ದೆಬದಿಯಲ್ಲಿ ನಡೆಯುತ್ತ ಅವಳು ಎಡಕ್ಕೂ ಬಲಕ್ಕೂ ಕಾಣುವ ಅಗೆಮಡಿಗಳನ್ನು ನೋಡಿದಳು. ಗಿಳಿಹಸಿರು, ಗೇಣು ಗೇಣು ಎತ್ತರ, ಗಾಳಿಗೆ ಒಟ್ಟಿಗೆ ಬಾಗಿ ಒಟ್ಟಿಗೆ ಏಳುತ್ತಿದ್ದವು. ಇವುಗಳಲ್ಲಿ ಒಂದು ಸುಕ್ರಿಯದಾಗಿರಲಿ ಎಂದು ಒಂದೊಂದಕ್ಕೂ ಬೇಡಿಕೊಂಡಳು. ಆಮೇಲೆ ಹಳದಿಯ ಚೌಕವೊಂದು ಕಂಡಿತು. ಅದರ ಅಂಚಿನಲ್ಲಿ ಸುಕ್ರಿ ಕುಕ್ಕರಗಾಲಿನಲ್ಲಿ ಕೂತಿದ್ದಳು, ಕೊರಳಿನ ಮಣಿಸರಗಳು ಮೊಳಕಾಲಿನ ಮೇಲೆ ಇಳಿಬಿದ್ದಿದ್ದವು.

'ಬಂದ್ರಿ' ಎಂದಳು ಸುಕ್ರಿ. ಒಂದು ಸಸಿಯನ್ನು ಎರಡು ಬೆರಳಿನಲ್ಲಿ ಹಿಡಿದೆತ್ತಿದಳು. ಕೀಳಬೇಕಾಗಲಿಲ್ಲ. ನೆಲದ ಮೇಲೆ ಇಟ್ಟದ್ದನ್ನು ಎತ್ತಿಕೊಂಡಂತೆ ಬಂತು. ಕೆಳಗೆ ಬೇರಿರಲಿಲ್ಲ. 'ಹೊಟ್ಟೆಗೇ ಕತ್ತರಿ ಹಾಕ್ದಾಂಗೆ. ಮೂರು ಮನೆ ಮಂದಿ ಅನ್ನ ಇದು.'

ವಸಂತಿಯ ಕಣ್ಣು ನೆಲಕ್ಕೆ ಇಳಿಯಿತು. ಮಡಿಯ ಮಣ್ಣಿನಲ್ಲಿ ಅಲ್ಲಲ್ಲಿ ಕಂದು ಬಣ್ಣದ ಕೋಶಗಳು ಅರ್ಧ ಮೈ ಮೇಲಕ್ಕೆ ನೂಕಿಕೊಂಡು ನೆಟ್ಟಗೆ ನಿಂತಿದ್ದವು. ನೆತ್ತಿಯ ಮೇಲೆ ಎರಡು ಸಣ್ಣ ಕೊಂಬು. ಕೆಲವು ಒಡೆದು ಖಾಲಿಯಾಗಿದ್ದವು, ತೆಳ್ಳನೆಯ ಹೊಟ್ಟಿನಂತೆ. ಗಂಡುಗಳು ಮೊದಲು ಹೊರಬಂದು, ಇನ್ನೂ ಒಡೆಯದ ಹೆಣ್ಣುಕೋಶಗಳ ಸುತ್ತ ಉದ್ದ ಕಾಲು ಜೋತುಬಿಟ್ಟು ದೊಡ್ಡ ಸೊಳ್ಳೆಗಳಂತೆ ಹಾರುತ್ತಿದ್ದವು, ಕುಳಿತು, ಎದ್ದು, ಮತ್ತೆ ಕುಳಿತು. ರೆಕ್ಕೆಯ ಹಿಂದೆ ಗುಂಡುಪಿನ್ನಿನಂಥ ಎರಡು ಸಣ್ಣ ಕಡ್ಡಿ ಬರಿಗಣ್ಣಿಗೇ ಕಾಣುತ್ತಿತ್ತು. ಒಂದು ಚದರ ಅಡಿಗೆ ಎಷ್ಟು? ಅವಳು ಎಣಿಸತೊಡಗಿದ್ದಳು. ಹದಿನಾಲ್ಕರ ತನಕ ಎಣಿಸಿದ್ದು ಗೊತ್ತಾಗಿ ಅವಳಿಗೆ ಮೈಯೆಲ್ಲ ಬಿಸಿಯಾಯಿತು. ಭಟ್ಕಳದ ಗಡಿಯಾರ ರಿಪೇರಿಯ ಮುದುಕರು ಹೋದ ವರ್ಷ ಅವಳ ಕೆಟ್ಟ ಸೂಕ್ಷ್ಮದರ್ಶಕಕ್ಕೆ ಒಂದು ಸ್ಕ್ರೂ ಹಾಕಿಕೊಟ್ಟು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ತಮ್ಮ ಹಳೆಯ ಭೂತಗನ್ನಡಿಯನ್ನೂ ಅಂಗೈಯಲ್ಲಿಟ್ಟು, 'ರಖೋ ಬೇಟಿ, ನನ್ನ ಕಣ್ಣು ಹೋಯ್ತು, ನೀನಾದರೂ ನೋಡು' ಎಂದಿದ್ದರು. ನೋಡುವುದು ಒಳ್ಳೆಯ ಕೆಲಸವೆಂದು ಆಗ ಅವಳಿಗೆ ಸ್ವಲ್ಪವೂ ಅನುಮಾನ ಬಂದಿರಲಿಲ್ಲ.

'ನಿಮ್ಗೆ ಬೇಕಾದ್ದು ತೆಗೆದಿಟ್ಟೆ' ಎಂದು ಸುಕ್ರಿ ಬಾಳೆಲೆ ಮುಚ್ಚಿದ ತೆಂಗಿನ ಕರಟವನ್ನು ಮುಂದೆ ಹಿಡಿದಳು. ಒಳಗೆ ಒದ್ದೆ ಮಣ್ಣು, ಮಣ್ಣಿನಲ್ಲಿ ಏಳು ಕೋಶ, ಒಂದೊಂದೂ ನೆಟ್ಟಗೆ, ನೆಲದಲ್ಲಿ ಇದ್ದಂತೆಯೇ. 'ಎಲ್ಲಾ ಸಾಯೂದ್ರ ಮುಂಚೆ ತೆಗೀಕು ಅಂತ ಮಾಡ್ದೆ. ಮೈದುನ ಹಮ್ಮ ನಾಳೆ ಮಡಿ ಇಡೀ ಕೊಚ್ಚಿ ಹಾಕ್ತಾ.' ಕರಟದ ಅಂಚು ಕೈಗೆ ತರಚದಿರಲೆಂದು ಅದನ್ನು ಸವರಿ ನಯ ಮಾಡಿದ್ದಳು. ವಸಂತಿ ಎರಡೂ ಕೈಯಲ್ಲಿ ಅದನ್ನು ಹಿಡಿದು ನಿಂತಳು. ಬೈದಿದ್ದರೆ, ಎದೆಗೆ ಬಡಿದುಕೊಂಡು ಅತ್ತಿದ್ದರೆ, ಇದನ್ನು ಮುಖದ ಮೇಲೆ ಎಸೆದಿದ್ದರೆ ಎಷ್ಟು ಸಲೀಸಾಗಿತ್ತು ಎನಿಸಿತು.

'ಈಗ ಎಂತ ಮಾಡ್ತೆ?' ಎಂದಳು ವಸಂತಿ.

'ಗೌಡ್ರ ಅಂಗಳಕ್ಕೆ ಹೋಪ್ದು. ಎಲ್ಲಾ ಕೂಡಿದ್ದಾರೆ. ಅಗೆ ಕೇಳೂದು.'

ದಾರಿಯಲ್ಲಿ ಸುಕ್ರಿ ಹೇಳಿದಳು. ಈ ಕೊಪ್ಪದಲ್ಲಿ ಯಾರ ಅಗೆ ಕೆಟ್ಟರೂ ಉಳಿದ ಮನೆಗಳು ತಮ್ಮ ಮಡಿಯಿಂದ ಒಂದೊಂದು ಪಟ್ಟಿ ಬಿಟ್ಟುಕೊಡುತ್ತವೆ. ಬಿಟ್ಟಿ. ಆದರೆ ಗೌಡರ ಅಂಗಳದಲ್ಲಿ ನಿಂತು ಹೇಗೆ ಕೆಟ್ಟಿತೆಂದು ಹೇಳಬೇಕು. ಮಳೆ ಕೊಚ್ಚಿದರೆ, ದನ ತಿಂದರೆ, ಹಂದಿ ಹೊಕ್ಕರೆ ಕೊಡುತ್ತಾರೆ. ಉದಾಸೀನದಿಂದ ಕೆಟ್ಟರೆ ಕೊಡುವುದಿಲ್ಲ. ಆ ವರ್ಷ ಗದ್ದೆ ಬೋಳು. ಗಂಡ ಈರ ಹೊನ್ನಾವರದ ಹೆಂಚಿನ ಕಾರ್ಖಾನೆಯಲ್ಲಿದ್ದಾನೆ, ಇನ್ನೂ ಗೊತ್ತಿಲ್ಲ. 'ಕಾಸರಕ ಯಾಕೆ ತುಳೀಲಿಲ್ಲ ಕೇಳ್ತ್ರು' ಎಂದು ಸೇರಿಸಿದಳು. ನೀನು ಎಂತ ಹೇಳ್ತೆ ಎಂದು ಕೇಳಬೇಕಿತ್ತು. ವಸಂತಿ ಕರಟದ ಮೇಲಿನ ಬಾಳೆಲೆಯನ್ನು ಸರಿಪಡಿಸಿದಳು.

ಬೊಮ್ಮಯ್ಯ ಗೌಡರ ಅಂಗಳದಲ್ಲಿ ಹತ್ತು ಹನ್ನೆರಡು ಜನ ಚಪ್ಪರದ ಕೆಳಗೆ ಕೂತಿದ್ದರು. ಗೋಡೆಯ ಮೇಲೆ ಮಲೇರಿಯಾದವರು ಔಷಧಿ ಹೊಡೆದ ತಾರೀಖು ಬರೆದಿತ್ತು. ವಸಂತಿಯನ್ನು ಕಂಡು ಗಣಪಿ ಎಂಬ ಮುದುಕಿ, ಸುಕ್ರಿಯ ನೆರೆಮನೆಯವಳು, ಚಾಪೆ ಹಾಸಿ, ನೆಲ ಒದ್ದೆಯೆಂದು ಅದರ ಮೇಲೆ ಇನ್ನೊಂದು ಚಾಪೆ ಹಾಸಿದಳು. ಎಲ್ಲರಿಗಿಂತ ಎತ್ತರದಲ್ಲಿ ವಸಂತಿ ಕೂತಳು. ಸುಕ್ರಿ ಅಂಗಳದ ನಡುವೆ ನಿಂತಳು.

'ಹೇಳು ತಂಗಿ' ಎಂದರು ಗೌಡರು.

'ಹುಳ ಬಂತು. ಬೇರು ತಿಂತು.'

'ಹುಳ ಎಲ್ಲರ ಮಡಿಗೂ ಬತ್ತದೆ. ಕಾಸರಕ ತುಳೀಲಿಲ್ವ?'

ಸುಕ್ರಿಯ ಮೈದುನ ಹಮ್ಮ ಕಂಬಕ್ಕೆ ಒರಗಿ ನಿಂತಿದ್ದ. 'ನಾ ಸೊಪ್ಪು ಹೊರೆ ಕಟ್ಟಿ ತಂದಿದ್ದೆ ಗೌಡ್ರೆ. ಬ್ಯಾಡ ಅಂದ್ಳು. ಎಂಟು ದಿನ ತಡಿ ಅಂದ್ಳು. ಎಂಥಕ್ಕೆ ಕೇಳಿದ್ರೆ ಬಾಯಿ ಬಿಡೂದಿಲ್ಲ. ದನ ಕೂಡಾ ಆ ಸೊಪ್ಪು ತಿನ್ನದೆ ಒಣಗಿ ಹೋತು.'

ಕರಟದಲ್ಲಿ ಏನೋ ಅಲುಗಿತು. ವಸಂತಿ ಬಾಳೆಲೆಯ ಮೂಲೆಯನ್ನು ಎತ್ತಿದಳು. ಎಲ್ಲಕ್ಕಿಂತ ದೊಡ್ಡ ಕೋಶ, ಹೆಣ್ಣು, ಬೆನ್ನಿನ ಮೇಲೆ ನೇರವಾಗಿ ಬಿರಿದಿತ್ತು. ಬಿರುಕಿನಲ್ಲಿ ಮಾಸಲು ಬಿಳಿಯ ಮೈ ಉಬ್ಬಿ ಬರುತ್ತಿತ್ತು. ಆರು ತಿಂಗಳಿಂದ ಅವಳು ಕಾದದ್ದು ಇದಕ್ಕೆ. ಬಾಟಲಿಗಳಲ್ಲಿ ಒಂದೂ ಇಲ್ಲಿಯ ತನಕ ಬಂದಿರಲಿಲ್ಲ. ಈಗ ಎದೆ, ಆಮೇಲೆ ತಲೆ, ಆಮೇಲೆ ಕಾಲುಗಳು, ಚೀಲದಿಂದ ನೂಲೆಳೆದಂತೆ ಒಂದೊಂದಾಗಿ. ಹೆಣ್ಣು ಹೊಟ್ಟೆಯ ತುಂಬ ಮೊಟ್ಟೆ ಹೊತ್ತೇ ಹೊರಗೆ ಬರುತ್ತದೆ. ರೆಕ್ಕೆ ಒಣಗುವ ಮುಂಚೆಯೇ ಗಂಡು ಬರುತ್ತದೆ. ಮುಂದೆ ಮೂರೋ ನಾಲ್ಕೋ ದಿನ, ಕಚ್ಚುವುದಿಲ್ಲ, ಹೆಚ್ಚು ಕಡಿಮೆ ತಿನ್ನುವುದೂ ಇಲ್ಲ. ತಿನ್ನುವುದೆಲ್ಲ ಮಣ್ಣಿನೊಳಗೆ ಮುಗಿದುಹೋಗಿರುತ್ತದೆ. ಸಮಯ ನೋಡಬೇಕು. ಗಡಿಯಾರದಲ್ಲಿ ಹತ್ತು ಗಂಟೆ ನಲವತ್ತೆರಡು ನಿಮಿಷ. ಮುಂಗಾಲು ಒಂದು ಹೊರಗೆ ಬಂತು.

'ಕೇಳೂದು ನಿನ್ನನ್ನೇ ಸುಕ್ರಿ' ಎಂದು ಗೌಡರ ದನಿ ದೂರದಿಂದ ಕೇಳಿಸಿತು. 'ಯಾರು ಹೇಳ್ದ್ರು ನಿಂಗೆ ಎಂಟು ದಿನ ತಡೀಲಿಕ್ಕೆ?'

'ಯಾರೂ ಹೇಳ್ಲಿಲ್ಲ.'

'ಮತ್ತೆ?'

'ನಾನೇ. ಸಂತೆ, ತರಕಾರಿ ಅಂತ ಮರ್ತೆ. ಆಮೇಲೆ ಉದಾಸಿನ ಮಾಡ್ದೆ.'

ಯಾರೋ ಹೂಂ ಎಂದರು. ಅಂಗಳದಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡರು. ಗಣಪಿ ತಲೆ ತಗ್ಗಿಸಿ ಎಲೆಯಡಿಕೆಯ ಕವಳದ ಚೀಲ ಬಿಚ್ಚಿದಳು. ಮೊದಲೇ ಕೊಡಬೇಕೆಂದುಕೊಂಡಿದ್ದವಳು ಈಗ ಕೊಡಲಾರದವಳಾದಳೆಂದು ಅವಳ ಬೆರಳುಗಳ ಅವಸರದಿಂದ ತಿಳಿಯುತ್ತಿತ್ತು. ಸುಕ್ರಿ ವಸಂತಿಯ ಕಡೆ ತಿರುಗಿ ಕೂಡ ನೋಡಲಿಲ್ಲ. ನೋಡಿದರೆ ಎಲ್ಲರೂ ನೋಡುತ್ತಾರೆಂದು ನೋಡದೆ ಇದ್ದಾಳೆ. ಹಾಗಂತ ಸ್ಪಷ್ಟವಾಗಿ ವಸಂತಿಗೆ ಗೊತ್ತಾಯಿತು. ಎರಡನೆಯ ಕಾಲು. ಇನ್ನು ಐದು ನಿಮಿಷ. ಐದು ನಿಮಿಷ ಸುಮ್ಮನಿದ್ದರೆ ಮುಗಿಯಿತು, ಇದೂ ಮುಗಿಯಿತು, ಅದೂ ಮುಗಿಯಿತು. ಸಂಜೆಗೆ ಬರೆದು ಮುಗಿಸಿ ನಾಳೆಯೇ ಪ್ರಾಧ್ಯಾಪಕರ ಮೇಜಿನ ಮೇಲಿಡಬಹುದು. ತಾಯಿ ಸಂತೆಗುಳಿಯಿಂದ ಬಂದಾಗಲೆಲ್ಲ ಕೇಳುತ್ತಾಳೆ: 'ಕೆಲಸ ಖಾಯಂ ಆತನೇ ಕೂಸೇ?' ಆತು ಎನ್ನಬಹುದು. ಮೂರನೆಯ ಕಾಲು ಕೋಶದ ಅಂಚಿಗೆ ಸಿಕ್ಕಿ ಬಾಗಿತು. ಈ ನೊಣದ ಕಾಲು ಮುಟ್ಟಿದರೆ ಕಳಚುತ್ತದೆ, ಹಿಡಿದವರ ಕೈಯಲ್ಲಿ ಕಾಲು ಬಿಟ್ಟು ತಾನು ಹಾರಿಹೋಗುತ್ತದೆ. ಅದು ಈಗ ಎಳೆದುಕೊಳ್ಳುತ್ತದೋ, ಕಳಚಿಕೊಳ್ಳುತ್ತದೋ.

ವಸಂತಿ ಕರಟವನ್ನು ಚಾಪೆಯ ಮೇಲಿಟ್ಟು ಎದ್ದು ನಿಂತಳು.

'ಅವಳು ಮರೆತದ್ದಲ್ಲ' ಎಂದಳು. ದನಿ ತರಗತಿಯ ದನಿಯಾಗಿತ್ತು. ಅವಳಿಗೇ ಅಸಹ್ಯವಾಯಿತು. 'ಕಾಸರಕ ಹಾಕಬೇಡ ಅಂತ ನಾನು ಹೇಳಿದ್ದು. ಎಂಟು ದಿನ ತಡಿ ಅಂದದ್ದು ನಾನು. ಆ ಹುಳ ಬೇರು ತಿನ್ನುವುದಿಲ್ಲ ಅಂದೆ.'

'ತಿಂತದಲ್ಲ' ಎಂದರು ಗೌಡರು, ಮೆತ್ತಗೆ.

ಎಲ್ಲರ ಮುಖ ಇವಳ ಕಡೆಗಿತ್ತು. ಬಾಯಿ ಎಲ್ಲಿ ಮೇಡಂ? 'ನನಗೆ ಗೊತ್ತಿರಲಿಲ್ಲ' ಎಂದಳು ವಸಂತಿ. 'ತಪ್ಪಾಯಿತು.'

ಹಮ್ಮ ಕಂಬ ಬಿಟ್ಟು ನೆಟ್ಟಗಾದ. 'ಮಲೇರಿಯಾದವ್ರು ಸೊಳ್ಳೆ ಕೊಲ್ಲೂಕೆ ಬಂದ್ರು. ಈ ಅಮ್ಮ ಸಾಕೂಕೆ ಬಂದಾರೆ' ಎಂದ. ಎರಡು ಮೂರು ಜನ ನಕ್ಕರು. ನಗು ಮುಗಿದ ಮೇಲೆ ಅವನು ಅತ್ತಿಗೆಯ ಕಡೆ ತಿರುಗಿದ. 'ಮನೆ ಗಂಡಸು ಸೊಪ್ಪು ಹೊತ್ತು ತಂದ್ರೆ ಬ್ಯಾಡ. ಪ್ಯಾಟೆಯವ್ರು ಬಾಯಲ್ಲಿ ಹೇಳಿದ್ರೆ ಹೌದು. ನಾವು ಹುಟ್ಟಿದಾಗಿಂದ ಗದ್ದೇಲಿ ಇದ್ದವ್ರು, ನಮ್ಗೆ ಎಂತ ಗೊತ್ತು, ಅಲ್ದ ಅತ್ಗೆ?' ಸುಕ್ರಿಯ ಮುಖ ಕಪ್ಪಿಟ್ಟಿತು. ಅಷ್ಟು ಹೊತ್ತು ನೆಟ್ಟಗೆ ನಿಂತಿದ್ದವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. ಮರೆತವಳೆಂದಾಗ ಅವಳಿಗೆ ಇಷ್ಟು ನಾಚಿಕೆಯಾಗಿರಲಿಲ್ಲ. ವಸಂತಿ ತಾನು ಎದ್ದದ್ದು ಯಾರಿಗಾಗಿ ಎಂದು ಮೊದಲ ಸಲ ಯೋಚಿಸಿದಳು.

'ಸಾಕು ಹಮ್ಮ' ಎಂದರು ಗೌಡರು. 'ಕಲ್ತವ್ರು ಹೇಳಿದ್ದು ಕೇಳಿದ್ರೆ ಅದು ಉದಾಸಿನ ಅಲ್ಲ. ತಿಳೀದೆ ಆದದ್ದು. ಹಂದಿ ಹೊಕ್ಕದ್ಕೆ ಕೊಡ್ತೇವೆ, ಇದ್ಕೂ ಕೊಡೂದೇ.' ಒಬ್ಬೊಬ್ಬರ ಮುಖ ನೋಡಿದರು. ಗಣಪಿ ಕವಳ ಕಟ್ಟುವುದನ್ನು ನಿಲ್ಲಿಸಿ, ಎಲ್ಲರಿಗಿಂತ ಮೊದಲು, 'ನನ್ನ ಮೂಡಲ ಪಟ್ಟಿ ಕಿತ್ಕಣ್ಲಿ' ಎಂದಳು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಆರು ಪಟ್ಟಿ ಆಯಿತು. ನಾಟಿಗೆ ಸಾಕು. 'ಆತು' ಎಂದು ಗೌಡರು ಎದ್ದರು.

ವಸಂತಿ ಬಗ್ಗಿ ಕರಟ ಎತ್ತಿಕೊಂಡಾಗ ಹೆಣ್ಣುನೊಣ ಪೂರ್ತಿ ಹೊರಗೆ ಬಂದು ಖಾಲಿ ಕೋಶದ ತುದಿ ಹಿಡಿದು ನೇತಾಡುತ್ತಿತ್ತು. ಎಷ್ಟು ಗಂಟೆಗೆ ಬಂತೋ ತಿಳಿಯದು. ಕಾಲು ಐದೇ ಇದ್ದವು. ಅವಳು ಅದನ್ನು ಬಾಟಲಿಗೆ ಹಾಕಲಿಲ್ಲ.

ಅಷ್ಟರಲ್ಲಿ ಮೇಲೆ ಎಲ್ಲೋ ಬಿದ್ದ ಮಳೆಯಿಂದ ಹಳ್ಳ ಏರಿತ್ತು. ಬೆಳಿಗ್ಗೆ ದಾಟಿದಲ್ಲಿ ಈಗ ಕೆಂಪು ನೀರು ಸೊಂಟದ ಮೇಲೆ ಹರಿಯುತ್ತಿತ್ತು. ಮೇಲಿನ ಸಂಕದ ತನಕ ಬರುತ್ತೇನೆಂದು ಸುಕ್ರಿ ಮುಂದೆ ಮುಂದೆ ನಡೆದಳು.

'ಸಿಟ್ ಬಂತು ನಂಗೆ' ಎಂದಳು ಸುಕ್ರಿ, ತಿರುಗದೆ. 'ಮರ್ತೆ ಅಂತ ಹೇಳಿ ಆಗಿತ್ತಲ್ದ. ಎಂಥಕ್ಕೆ ಎದ್ರಿ? ಮರ್ತವಳು ಅಂದ್ರೆ ನಾಕ್ ದಿನ ಅಂತ್ರು. ಪ್ಯಾಟೆ ಮಾತ್ ಕೇಳ್ದವಳು ಅಂತ ಹಮ್ಮ ಜಲ್ಮ ಇಡೀ ಅಂತಾ.'

'ಮರೆತೆ ಅಂದಿದ್ದರೆ ಅಗೆ ಕೊಡುತ್ತಿರಲಿಲ್ಲ.'

'ಕೊಡ್ತಿರ್ಲಿಲ್ಲ' ಎಂದು ಒಪ್ಪಿದಳು. 'ಅಂವ ಹೊನ್ನಾವರದಿಂದ ಬಂದ್ಮೇಲೆ ಎಲ್ಲಾದ್ರೂ ಸಾಲ ಸೋಲ ಮಾಡ್ತಿದ್ವು. ನಮ್ಮಲ್ಲಿಗೆ ಬಂದ ಹೆಂಗ್ಸಿನ್ನ ಅಂಗಳದಲ್ಲಿ ನಿಲ್ಸೂದು ನಂಗೆ ಬ್ಯಾಡಾಗಿತ್ತು.'

ಸಂಕ ಎಂದರೆ ಎರಡು ತೆಂಗಿನ ಮರ ಮತ್ತು ಕೈಗೆ ಒಂದು ಬಿದಿರು. ಬಿದಿರು ನಡುವಿನಲ್ಲಿ ಮುರಿದು ನೀರಿಗೆ ಬಿದ್ದಿತ್ತು. ಸುಕ್ರಿ ಮರದ ಮೇಲೆ ಕಾಲಿಟ್ಟು, ಹಿಂದಕ್ಕೆ ನೋಡದೆ ಕೈ ಚಾಚಿದಳು. ವಸಂತಿ ಹಿಡಿದಳು. ಒರಟಾದ, ಬೆಚ್ಚಗಿನ ಕೈ. ಕೆಳಗೆ ನೀರು ಮರವನ್ನು ಒದೆಯುತ್ತ ಹೋಗುತ್ತಿತ್ತು.

'ಕೆಳಗೆ ನೋಡ್ಬೇಡಿ. ನನ್ನ ಬೆನ್ನು ನೋಡಿ' ಎಂದಳು ಸುಕ್ರಿ. ನಾಲ್ಕು ಹೆಜ್ಜೆ ಹೋದ ಮೇಲೆ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರೊಡನೆ ಮಾತಾಡುವ ದನಿಯಲ್ಲಿ, 'ಸಿಟ್ ಹೋತು ಈಗ. ಗೊತ್ತಿಲ್ದೆ ಹೇಳ್ದ್ರಿ, ಅದ್ಕೆ ಸಿಟ್ ಇಟ್ಕಣೂಕೆ ಆಗ್ತದ್ಯ? ಮತ್ತೆ ಎಂತಾರೂ ಹುಳ ಸಿಕ್ರೆ ತಕಂಡ್ ಬರ್ತೆ. ಗೊತ್ತಿಲ್ದಿದ್ರೆ ಗೊತ್ತಿಲ್ಲ ಹೇಳಿ, ಆತು' ಎಂದಳು.

ಅಷ್ಟಕ್ಕೇ ಬಿಡಬಹುದಿತ್ತು. ಇನ್ನು ಹತ್ತು ಹೆಜ್ಜೆ, ಆಚೆಗೆ ರಸ್ತೆ. ವಸಂತಿ ಆ ಬೆನ್ನನ್ನು ನೋಡುತ್ತ ಸಂಕದ ನಡುವೆ ನಿಂತಳು. ಕೈ ಎಳೆದದ್ದರಿಂದ ಸುಕ್ರಿಯೂ ನಿಂತಳು.

'ಸುಕ್ರಿ, ನನಗೆ ಗೊತ್ತಿತ್ತು.'

ಇಕ್ಕಟ್ಟಿನ ಸಂಕದ ಮೇಲೆ ತಿರುಗುವುದಕ್ಕೆ ಆಗುವುದಿಲ್ಲ. ಸುಕ್ರಿ ಮುಂದಕ್ಕೇ ಮುಖ ಮಾಡಿ, 'ಎಂತ ಗೊತ್ತಿತ್ತು?' ಎಂದಳು.

'ಬೇರು ತಿನ್ನುತ್ತವೆ ಅಂತ. ನೀನು ಕೇಳುವುದಕ್ಕೆ ಬಂದ ಹಿಂದಿನ ದಿನ ಬಾಟಲಿಯಲ್ಲಿ ನೋಡಿದ್ದೆ. ಬರೆದೂ ಇಟ್ಟಿದ್ದೆ. ಹುಳ ನೊಣವಾಗುವ ತನಕ ನನಗೆ ಬೇಕಾಗಿತ್ತು.'

ನೀರಿನ ಸದ್ದು. ಸುಕ್ರಿಯ ಬೆನ್ನು ಒಮ್ಮೆ ಉಸಿರೆಳೆದುಕೊಂಡಿತು. ಅವಳ ಬೆರಳುಗಳಲ್ಲಿ ಏನೋ ಸಡಿಲವಾದಂತಾಗಿ, ವಸಂತಿಯ ಪಾದ ಪಾಚಿಯ ಮೇಲೆ ಅರ್ಧ ಇಂಚು ಜಾರಿತು. ಕೂಡಲೇ ಆ ಬೆರಳುಗಳು ಮೊದಲಿಗಿಂತ ಬಿಗಿಯಾಗಿ, ನೋಯುವಷ್ಟು ಬಿಗಿಯಾಗಿ ಹಿಡಿದವು.

'ಕಾಲು ಅಡ್ಡ ಇಡಿ' ಎಂದಳು ಸುಕ್ರಿ.

ಆಚೆಯ ದಡ ಮುಟ್ಟುವ ತನಕ ಅವಳು ಕೈ ಬಿಡಲಿಲ್ಲ. ವಸಂತಿಯ ಎರಡೂ ಕಾಲು ನೆಲಕ್ಕೆ ಊರಿದವೆಂದು ನೋಡಿ ಬಿಟ್ಟಳು. ಮುಖ ನೋಡದೆ ಪಕ್ಕದಿಂದ ಸರಿದು, ಮತ್ತೆ ಸಂಕದ ಮೇಲೆ ಹೆಜ್ಜೆ ಇಟ್ಟು, ಬಂದದ್ದಕ್ಕಿಂತ ಬೇಗ ದಾಟಿ ಹೋದಳು.